ಮೋಡ ಕಟ್ತಾ ಇದ್ಯಾ ನೋಡೋ

ನಿನ್ನೆ ಸಂಜೆ ಮೈಸೂರು ರಸ್ತೆ ಮೆಟ್ರೋ ನಿಲ್ದಾಣದಲ್ಲಿ ನಿಂತಿದ್ದೆ. ಪಕ್ಕದಲ್ಲಿ ನಾಲ್ಕು ಜನ ಹುಡುಗರು. ಎಲ್ಲರದ್ದೂ ಹಸಿರು ಟೀ ಶರ್ಟ್, ಬೆನ್ನ ಮೇಲೆ 'ಪ್ರತಿ ಹನಿಯೂ ಅಮೂಲ್ಯ'. ಯಾವುದೋ ಕಂಪನಿಯವರು ಗಿಡ ನೆಡಿಸಿ ಕಳಿಸಿದ್ದರು. ಅಷ್ಟರಲ್ಲಿ ಕೆಳಗಿಂದ ವೃಷಭಾವತಿಯ ವಾಸನೆ ಬಂತು. ಒಬ್ಬ ಮೂಗು ಮುಚ್ಚಿಕೊಂಡು, "ಈ ಮೋರಿಗೆ ಸ್ಲ್ಯಾಬ್ ಹಾಕಿ ಮುಚ್ಚೋಕೆ ಏನು ರೋಗ ಇವರಿಗೆ?" ಅಂದ.

ಮೋರಿಯಂತೆ! ಅಲ್ಲಪ್ಪಾ, ಅದು ನದಿ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟಿದ್ದು ಅಂತಲೇ ಆ ಹೆಸರು. ಗಾಳಿ ಆಂಜನೇಯನ ಪಕ್ಕ ಹಾದು, ಕೆಂಗೇರಿ, ಬಿಡದಿ ಕಡೆ ಇಳಿದು, ನಮ್ಮ ಭೈರಮಂಗಲದ ಕೆರೆ ತುಂಬಿ, ಅರ್ಕಾವತಿ ಸೇರಿ, ಸಂಗಮದಲ್ಲಿ ಕಾವೇರಿಗೆ ಬೀಳುತ್ತೆ. ಇಷ್ಟೂ ಹೇಳೋಣ ಅಂತ ಬಾಯಿ ತೆರೆದೆ, ಟ್ರೈನ್ ಬಂದುಬಿಡ್ತು. ಹಾಗಾಗಿ ಆ ಸಿಟ್ಟು ಈಗ ನಿಮ್ಮ ಮೇಲೆ.

ನಮ್ಮ ತಾತ ಆ ಕೆರೆಯಲ್ಲಿ ಗೆಂಡೆ, ಕೊರವ ಹಿಡಿಯುತ್ತಿದ್ದರು. ಕೆಳಗಿನ ಗದ್ದೆಗಳಲ್ಲಿ ಭತ್ತ ಇತ್ತು, ಕಬ್ಬು ಇತ್ತು. ಈಗ ಬೇಬಿ ಕಾರ್ನ್, ಹಿಪ್ಪುನೇರಳೆ, ದನದ ಹುಲ್ಲು. ಭತ್ತ ಆ ನೀರು ತಡೆಯಲ್ಲ. ಮಳೆಗಾಲದಲ್ಲಿ ನೀರು ಧುಮುಕುವ ಜಾಗಕ್ಕೆ ಹೋಗಿ ನೋಡಿ, ಆಳೆತ್ತರ ನೊರೆ. ಜನ ಬೈಕ್ ನಿಲ್ಲಿಸಿ ಸೆಲ್ಫಿ ತಗೋತಾರೆ, ಕಾಶ್ಮೀರಕ್ಕೆ ಹೋಗಿ ಬಂದವರ ಹಾಗೆ.

ಇದು ಕೆರೆಯ ಹತ್ತಿರವೇ ಮುಗಿಯೋ ಕಥೆ ಅಂದುಕೊಳ್ಳಬೇಡಿ. ಸಂಗಮದ ಸುತ್ತ ಇರೋದು ಕಾವೇರಿ ವನ್ಯಧಾಮ. ಆ ಕಡೆಯವರು ಬಿಳಿ ಮೀನು ಅನ್ನುವ, ಬೆನ್ನುಬ್ಬಿದ ದೊಡ್ಡ ಮಹಸೀರ್ ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಬಿಟ್ಟರೆ ಪ್ರಪಂಚದಲ್ಲಿ ಇನ್ನೆಲ್ಲೂ ಇಲ್ಲ. 2018ರಲ್ಲಿ ಅದನ್ನು ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನ ಕೆಂಪು ಪಟ್ಟಿಯಲ್ಲಿ ಅಳಿವಿನ ಕೊನೆಯ ಅಂಚಿನ ಜೀವಿಗಳ ಜೊತೆ ಸೇರಿಸಿದರು. ಅಣೆಕಟ್ಟು, ಮರಳು ತೆಗೆಯೋದು, ಸಿಡಿಮದ್ದು ಎಸೆದು ಮೀನು ಹಿಡಿಯೋದು, ಹೊರಗಿಂದ ತಂದು ಬಿಟ್ಟ ಬೇರೆ ಮಹಸೀರ್, ಎಲ್ಲದರ ಪಾಲೂ ಇದೆ. ಅದರ ಮೇಲೆ ನಾವು ಬೆಂಗಳೂರಿಂದ ಕಳಿಸೋ ಪ್ರಸಾದ.

ಈಗ ಕಾಮೆಂಟಿನಲ್ಲಿ ಯಾರೋ ಬಂದೇ ಬರ್ತಾರೆ. "ವೃಷಭಾವತಿಯಲ್ಲಿ ಹರಿಯೋದು ಜಾಸ್ತಿ ಮನೆಗಳ ಕೊಳಚೆ ಸಾರ್, ಫ್ಯಾಕ್ಟರಿ ನೀರು ಎಷ್ಟು ಮಹಾ?" ಸರಿ, ಜಾಸ್ತಿ ನಮ್ಮ ಬಚ್ಚಲು, ಕಕ್ಕಸಿನದ್ದೇ. ಒಪ್ಪಿದೆ. ಆದರೆ ಒಂದು ಕೊಳಗ ಹಾಲು ಕೆಡಿಸೋಕೆ ಎಷ್ಟು ಹುಳಿ ಬೇಕು? ಕಕ್ಕಸಿನ ನೀರನ್ನು ಬ್ಯಾಕ್ಟೀರಿಯಾ ತಿಂದು ಮುಗಿಸುತ್ತೆ. ಫ್ಯಾಕ್ಟರಿ ನೀರಲ್ಲಿ ಬರೋ ಕ್ರೋಮಿಯಂ, ನಿಕ್ಕಲ್‌ಗಳನ್ನು ಯಾವ ಬ್ಯಾಕ್ಟೀರಿಯಾನೂ ತಿಂದು ಮುಗಿಸಲ್ಲ. ಅವು ಜಾಸ್ತಿಯಾದರೆ ಕೊಳಚೆ ಶುದ್ಧೀಕರಣ ಘಟಕದಲ್ಲಿರೋ ಬ್ಯಾಕ್ಟೀರಿಯಾನೇ ಸಾಯುತ್ತೆ. ಅಂದರೆ ಮನೆ ಕೊಳಚೆ ಶುದ್ಧ ಮಾಡೋ ಕೆಲಸಕ್ಕೂ ಕಲ್ಲು. ಅದಕ್ಕೇ ನದಿ, ಹಳ್ಳಗಳಿಗೆ ಬಿಡೋ ಫ್ಯಾಕ್ಟರಿ ನೀರಲ್ಲಿ ಹೆಕ್ಸಾವೇಲೆಂಟ್ ಕ್ರೋಮಿಯಂ, ಅಂದರೆ ಕ್ರೋಮಿಯಂನ ಕಡು ವಿಷದ ರೂಪ, ಲೀಟರಿಗೆ 0.1 ಮಿಲಿಗ್ರಾಂ ದಾಟಬಾರದು ಅಂತ ಕಾನೂನು ಇಟ್ಟಿರೋದು.

ಇದೆಲ್ಲ ಇವನಿಗೆ ಹೇಗೆ ಗೊತ್ತು ಅಂತೀರಾ? ಐಟಿಐ ಮುಗಿಸಿ ಪೀಣ್ಯದಲ್ಲಿ ಲೋಹದ ಮಾಲಿಗೆ ಕ್ರೋಮ್ ಲೇಪನ ಹಾಕೋ ಒಂದು ಪ್ಲೇಟಿಂಗ್ ಶಾಪಲ್ಲಿ ಎರಡು ವರ್ಷ ದುಡಿದದ್ದು ಹಳಬರಿಗೆ ಗೊತ್ತು. ಗೊತ್ತಿಲ್ಲದ್ದು ಇದು.

ನಲ್ಲಿಗಳಿಗೆ ಕ್ರೋಮ್ ಕೂತ ಮೇಲೆ ಪಕ್ಕದ ತೊಟ್ಟಿಯಲ್ಲಿ ಅದ್ದಿ ತೊಳೀತಾರೆ. ಆ ನೀರು ನಿಂಬೆಹಣ್ಣಿನ ಹಳದಿ. ಅದಕ್ಕೆ ಆಸಿಡ್ ಬೆರೆಸಿ ಮೆಟಾಬೈಸಲ್ಫೈಟ್ ಪುಡಿ ಹಾಕಿ ಕಲಕಿದರೆ ಕಣ್ಣೆದುರೇ ಹಳದಿ ಹೋಗಿ ಹಸಿರು ಬರುತ್ತೆ. ಕಡು ವಿಷ ಕಡಿಮೆ ವಿಷ ಆಯ್ತು ಅಂತ ಅರ್ಥ. ಆಮೇಲೆ ಸುಣ್ಣ ಹಾಕಿದರೆ ಹಸಿರು ಕೆಸರು ತಳಕ್ಕೆ ಕೂರುತ್ತೆ. ಅಷ್ಟೇ ವಿದ್ಯೆ. ಪುಡಿಯ ಮೂಟೆ ನಮ್ಮ ಶಾಪಲ್ಲೂ ಇತ್ತು, ತಪಾಸಣೆಗೆ ಬಂದವರಿಗೆ ತೋರಿಸೋಕೆ. ನಾನಿದ್ದ ಎರಡು ವರ್ಷವೂ ಅದೇ ಮೂಟೆ.

"ಮೋಡ ಕಟ್ತಾ ಇದ್ಯಾ ನೋಡೋ" ಅನ್ನೋರು ಓನರು. ಜೋರು ಮಳೆಯ ರಾತ್ರಿ ವಾಲ್ವ್ ತಿರುಗಿಸುತ್ತಿದ್ದವನು ನಾನೇ. ಹಳದಿ ನೀರು ಮಳೆ ನೀರಿನ ಜೊತೆ ಚರಂಡಿಗೆ. ಸ್ವಲ್ಪ ಹೊತ್ತಿಗೆ ಬಣ್ಣವೇ ಕಾಣುತ್ತಿರಲಿಲ್ಲ. ಹೆದರಿಕೆ ಆಗ್ತಿತ್ತಾ? ಇಲ್ಲ ಕಣ್ರೀ, ಓಟಿ ಕೊಡ್ತಿದ್ರು. ಆ ಚರಂಡಿ ಎಲ್ಲಿಗೆ ಹೋಗುತ್ತೆ ಅಂತ ಒಂದು ದಿನವೂ ಯೋಚನೆ ಮಾಡಿರಲಿಲ್ಲ. ನಮ್ಮೂರಿಗೇ ಹೋಗುತ್ತೆ.

ಒಳ್ಳೆಯ ಕೆಲಸ ಮಾಡೋರು ಇಲ್ಲವೇ ಇಲ್ಲ ಅಂತಲ್ಲ. ನನ್ನ ಜೊತೆಗಿದ್ದ ಒಬ್ಬ ಈಗ ಸ್ವಂತ ಶಾಪ್ ಇಟ್ಟಿದ್ದಾನೆ. ತೊಳೆಯೋಕೆ ಒಂದರ ಬದಲು ಸಾಲಾಗಿ ಮೂರು ತೊಟ್ಟಿ. ಮಾಲು ಆ ಕಡೆಯಿಂದ ಈ ಕಡೆಗೆ, ನೀರು ಈ ಕಡೆಯಿಂದ ಆ ಕಡೆಗೆ. ನಮ್ಮ ಅಜ್ಜಿ ಪಾತ್ರೆ ತೊಳೆಯುತ್ತಿದ್ದ ಲೆಕ್ಕವೇ, ಕೊನೆಯ ಪಾತ್ರೆಯ ತಿಳಿನೀರು ಮೊದಲಿನ ಮಸಿ ಪಾತ್ರೆಗೆ. ಟ್ಯಾಂಕರ್ ಖರ್ಚು ಇಳೀತು ಅಂತ ಖುಷಿಯಾಗಿದ್ದಾನೆ. ಪುಡಿಯ ಮೂಟೆ ಖಾಲಿ ಆಗುತ್ತಾ ಅಂತ ಕೇಳಿದೆ. "ತಿಂಗಳು ತಿಂಗಳು ತರಿಸ್ತೀನಿ ಮಾರಾಯ" ಅಂದ. ಇವನು ಯಾವ ಟೀ ಶರ್ಟೂ ಹಂಚಿಲ್ಲ. ಗಿಡ ನೆಡೋದು ಸುಲಭ, ಅಲ್ವಾ? ಬ್ಯಾನರ್ ಹಿಡಿದು ಫೋಟೋ ತೆಗೆಸಿಕೊಳ್ಳಬಹುದು. ಹಸಿರು ಕೆಸರಿನ ಪಕ್ಕ ಯಾರು ನಿಲ್ತಾರೆ?

ಹೋದ ವಾರ ಚಿಕ್ಕಪ್ಪ ಊರಿಂದ ಒಂದು ಚೀಲ ದಂಟಿನ ಸೊಪ್ಪು ಕಳಿಸಿದ್ದರು. ಮನೆಯಲ್ಲಿ ಸಾರು ಮಾಡಲಿಲ್ಲ. "ಹೆಂಗಿತ್ತೋ ಸೊಪ್ಪು?" ಅಂತ ಫೋನ್ ಮಾಡಿದ್ರು. ಚೆನ್ನಾಗಿತ್ತು ಚಿಕ್ಕಪ್ಪ ಅಂದೆ.

ಬಿಡದಿ ಕಡೆಯವರು ಯಾರಾದರೂ ಬೋರ್‌ವೆಲ್ ನೀರಿಗೆ ಕ್ರೋಮಿಯಂ ಟೆಸ್ಟ್ ಮಾಡಿಸಿದ್ದರೆ ಯಾವ ಲ್ಯಾಬು, ಎಷ್ಟಾಯ್ತು ಹೇಳಿ. ಚಿಕ್ಕಪ್ಪನ ಬೋರ್‌ವೆಲ್ ನೀರು ಕೊಡಬೇಕು. ಅವರಿಗೆ ಇನ್ನೂ ಹೇಳಿಲ್ಲ.