ಸತ್ಯಾಂಶ: ದುಡ್ಡು ಕೊಟ್ಟವರೇ ಪೀಠದ ಪ್ರಾಧ್ಯಾಪಕರನ್ನು ಆರಿಸುತ್ತಾರೆಯೇ?

‘ವಿಶ್ವವಿದ್ಯಾಲಯಕ್ಕೆ ಹಣ ಕೊಟ್ಟ ದಾನಿ ತನಗೆ ಬೇಕಾದವರನ್ನು ಪೀಠದಲ್ಲಿ ಕೂರಿಸಬಹುದು’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇಲ್ಲಿ ಪೀಠವೆಂದರೆ ದಾನಿ ಕೊಟ್ಟ ನಿಧಿಯಿಂದ ನಡೆಯುವ ಪ್ರಾಧ್ಯಾಪಕ ಹುದ್ದೆ. ಅದಕ್ಕೆ ದಾನಿಯ ಹೆಸರಿಡುವುದು ನಿಜ, ಬಹಳ ಹಳೆಯ ರೂಢಿ. ಕೇಂಬ್ರಿಜ್‌ನ ಲ್ಯೂಕೇಸಿಯನ್ ಗಣಿತ ಪೀಠ 1663ರಲ್ಲಿ ಹೆನ್ರಿ ಲ್ಯೂಕಾಸ್ ಉಯಿಲಿನಲ್ಲಿ ಬಿಟ್ಟುಹೋದ ಆಸ್ತಿಯಿಂದ ಹುಟ್ಟಿತು. 1669ರಲ್ಲಿ ನ್ಯೂಟನ್, 1979ರಲ್ಲಿ ಸ್ಟೀಫನ್ ಹಾಕಿಂಗ್ ಅದನ್ನು ಅಲಂಕರಿಸಿದರು. ಶಿಫಾರಸು ಮಾಡಲು ಲ್ಯೂಕಾಸ್ ಬದುಕಿರಲೇ ಇಲ್ಲ!

ಸಾಮಾನ್ಯವಾಗಿ ಹೊರಗಿನ ವಿಷಯತಜ್ಞರು ಅಭ್ಯರ್ಥಿಯ ಸಂಶೋಧನೆಯನ್ನು ಒರೆಗೆ ಹಚ್ಚಿ ಅಭಿಪ್ರಾಯ ಬರೆಯುತ್ತಾರೆ; ಆಯ್ಕೆ ಮಾಡುವುದು ನೇಮಕ ಸಮಿತಿ, ದಾನಿಯಲ್ಲ. ನಿಧಿಯ ಆದಾಯ ಸಂಬಳಕ್ಕೆ, ಸಂಶೋಧನೆಯ ಖರ್ಚಿಗೆ ಹೋಗುತ್ತದೆ. ದಾನಿಗಳು ಮೂಗು ತೂರಿಸಿದ್ದೇ ಇಲ್ಲವೆಂದಲ್ಲ; ಆದರೆ ಅದು ನಿಯಮವಲ್ಲ, ಬಯಲಾದರೆ ವಿವಾದ.