ಒಂದು ಅಂಕದಿಂದ ಫೇಲಾದ ಕಾಲು

ಎಸ್‌ಎಸ್‌ಎಲ್‌ಸಿ ಗಣಿತದಲ್ಲಿ 36 ತೆಗೆದು ಪಾಸಾದವನು ನಾನು. ಐವತ್ತೆರಡನೆಯ ವಯಸ್ಸಿನಲ್ಲಿ ಎಡಗಾಲಿನಲ್ಲಿ 39 ತೆಗೆದು ಫೇಲಾದೆ.

ಕಾಲಿಗೂ ಪರೀಕ್ಷೆಯೇ ಎಂದು ಕೇಳುವವರು ಎರಡೂ ಕಾಲು ನೆಟ್ಟಗಿರುವವರು. ನಮ್ಮ ಅಂಗವಿಕಲರ ಬಳಗದಲ್ಲಿ ಹೆಸರು ಕೇಳಿದ ಮೇಲಿನ ಮಾತೇ ‘ನಿಮ್ಮದು ಎಷ್ಟು ಪರ್ಸೆಂಟ್?’ ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ ಪ್ರಕಾರ ಪಾಸಾಗಲು ಶೇ 40 ವೈಕಲ್ಯ ಬೇಕು. ಬಂದರೆ ಯುಡಿಐಡಿ ಎಂಬ ನಮ್ಮ ಗುರುತಿನ ಕಾರ್ಡು ಹಳದಿ, ಸರ್ಕಾರಿ ನೌಕರಿಯ ಶೇ 4 ಮೀಸಲಾತಿಯ ಬಾಗಿಲೂ ತೆರೆಯುತ್ತದೆ. 80 ಮುಟ್ಟಿದರೆ ಡಿಸ್ಟಿಂಕ್ಷನ್, ಕಾರ್ಡು ನೀಲಿ. ಜೊತೆಗೆ ಬಡತನರೇಖೆಗಿಂತ ಕೆಳಗೂ ಇದ್ದರೆ ಕೇಂದ್ರದಿಂದ ತಿಂಗಳಿಗೆ 300 ರೂಪಾಯಿ ಮಾಸಾಶನ. 2012ರಲ್ಲಿ 200ರಿಂದ 300ಕ್ಕೆ ಏರಿದ ಆ ಮೊತ್ತ, ಮುಂದಿನ ಮೆಟ್ಟಿಲು ಹತ್ತಲಾಗದೆ ನಮ್ಮ ಹಾಗೆ ಅಲ್ಲೇ ಕುಳಿತಿದೆ. ರಾಜ್ಯಗಳು ತಮ್ಮ ಪಾಲು ಸೇರಿಸಿ ಕೊಡುವುದರಿಂದ ಮಾನ ಉಳಿದಿದೆ. 39ರವನಿಗೆ ಬಿಳಿ ಕಾರ್ಡು. ಏನೂ ಬರೆಯದೆ ಎದ್ದುಬಂದವನ ಉತ್ತರಪತ್ರಿಕೆಯಷ್ಟೇ ಬಿಳಿ.

ನನ್ನ ಹಳೆಯ ಪ್ರಮಾಣಪತ್ರದಲ್ಲಿ 45 ಇತ್ತು. ಅದು ಕೈಬರಹದ್ದು, ಲ್ಯಾಮಿನೇಟ್ ಮಾಡಿಸಿ ದೇವರ ಪಟದಂತೆ ಕಾಪಾಡಿಕೊಂಡಿದ್ದೆ. ಕಂಪ್ಯೂಟರಿಗೆ ಅದು ಓದಲು ಬರಲಿಲ್ಲ, ಹಾಗಾಗಿ ಹೊಸದಾಗಿ ಅಳೆಯಬೇಕಾಯಿತು. ಅಳೆದಾಗ 39. ಒಂದು ಮಾತ್ರೆ ನುಂಗದೆ, ಒಂದು ಎಣ್ಣೆ ತಿಕ್ಕದೆ, ಪೋಲಿಯೊ ಕಾಲು ಶೇ 6ರಷ್ಟು ವಾಸಿಯಾಗಿತ್ತು! 2014ರ ಮಾರ್ಚ್‌ನಲ್ಲಿ ಭಾರತಕ್ಕೆ ಪೋಲಿಯೊ ಮುಕ್ತ ಎಂಬ ಪ್ರಮಾಣಪತ್ರ ಸಿಕ್ಕಿತಲ್ಲ, ಆ ಸುದ್ದಿ ತಡವಾಗಿಯಾದರೂ ನನ್ನ ಕಾಲಿಗೆ ತಲುಪಿರಬೇಕು.

ವೈದ್ಯಕೀಯ ಮಂಡಳಿ ಮೊದಲ ಮಹಡಿಯಲ್ಲಿತ್ತು ಎಂಬ ಜೋಕನ್ನು ಇಲ್ಲಿ ಬಿಡುತ್ತೇನೆ. ಅದನ್ನು ಪ್ರತಿ ಜಿಲ್ಲೆಯವರೂ ತಮ್ಮದೇ ಎಂದು ಹೇಳಿಕೊಳ್ಳುತ್ತಾರೆ. ನನಗೆ ಹಿಡಿಸಿದ್ದು ಅಲ್ಲಿನ ಗಣಿತ. ಕಾಲು ಗಿಡ್ಡವಾಗಿದ್ದರೆ ಮೊದಲ ಅರ್ಧ ಇಂಚಿಗೆ ಸೊನ್ನೆ, ಅದರಾಚೆಗಿನ ಪ್ರತಿ ಅರ್ಧ ಇಂಚಿಗೆ 4 ಅಂಕ. ಮೊದಲ ಅರ್ಧ ಇಂಚು ಸರ್ಕಾರಕ್ಕೆ ನಾವು ಕೊಡುವ ಕಾಣಿಕೆ. ಬೆಂಚಿನಲ್ಲಿ ಪಕ್ಕಕ್ಕಿದ್ದ ಹಿರಿಯರಿಗೆ ಕಿವಿಯಲ್ಲಿ 30, ಕಾಲಿನಲ್ಲಿ 30. ‘ಅರವತ್ತಾಯಿತಲ್ಲ ಯಜಮಾನರೇ, ಫಸ್ಟ್ ಕ್ಲಾಸು’ ಎಂದು ಅವರ ಕಿವಿಯ ಹತ್ತಿರ ಕೂಗಿದೆ. ಗುಮಾಸ್ತರು ತಿದ್ದಿದರು: ಐವತ್ತು. ದೊಡ್ಡ ಅಂಕಿಯನ್ನು 90ರಿಂದ ಕಳೆಯಬೇಕು, ಉಳಿದದ್ದನ್ನು ಚಿಕ್ಕ ಅಂಕಿಯಿಂದ ಗುಣಿಸಬೇಕು, 90ರಿಂದ ಭಾಗಿಸಿ ದೊಡ್ಡದಕ್ಕೆ ಕೂಡಿಸಬೇಕು. ಅದೇ ಸೂತ್ರ. ನನ್ನ ಗಣಿತದ ಮೇಷ್ಟ್ರು ಇದ್ದಿದ್ದರೆ ಗುಮಾಸ್ತರಿಗೆ ಕಿವಿ ಹಿಂಡುತ್ತಿದ್ದರೋ, ಕೈ ಮುಗಿಯುತ್ತಿದ್ದರೋ ಹೇಳಲಾರೆ. ಯಜಮಾನರು ಮಾತ್ರ ಕೇಳಿಸದೆ ನಗುತ್ತಲೇ ಇದ್ದರು. ಕಿವಿಯ 30 ಅಷ್ಟರ ಮಟ್ಟಿಗೆ ಉಪಕಾರಕ್ಕೆ ಬಂತು.

ಇನ್ನು ಮರುಮೌಲ್ಯಮಾಪನ. ಕಾನೂನಿನಲ್ಲಿ ಅದಕ್ಕೆ ಮೇಲ್ಮನವಿ ಎನ್ನುತ್ತಾರೆ. 90 ದಿನಗಳೊಳಗೆ ಸಲ್ಲಿಸಬೇಕು, ಫೇಲಾದ ಪತ್ರದ ಪ್ರತಿಯನ್ನೂ ಲಗತ್ತಿಸಬೇಕು. ದಿನಗಳ ಲೆಕ್ಕ ನಮಗೆ ಮಾತ್ರ ಬಿಗಿ. ಅರ್ಜಿ ಬಂದ ಒಂದು ತಿಂಗಳೊಳಗೆ ಪ್ರಮಾಣಪತ್ರ ಕೊಡಬೇಕು ಎಂದು 2017ರ ನಿಯಮ ಹೇಳುತ್ತಿತ್ತು. 2024ರ ತಿದ್ದುಪಡಿ ಆ ಒಂದನ್ನು ಮೂರು ಮಾಡಿತು. ಒಂದೇ ಏಟಿಗೆ ಎರಡು ತಿಂಗಳ ವಿಳಂಬ ನಿರ್ಮೂಲವಾಯಿತು! ಎರಡು ವರ್ಷ ದಾಟಿಯೂ ತೀರ್ಮಾನವಾಗದ ಅರ್ಜಿ ನಿಷ್ಕ್ರಿಯವಾಗುತ್ತದೆ ಎಂದೂ ಅದರಲ್ಲಿದೆ. ನಿಷ್ಕ್ರಿಯವಾದದ್ದು ಅರ್ಜಿಯಂತೆ. ಅದಕ್ಕೆ ಎಷ್ಟು ಪರ್ಸೆಂಟ್ ಕೊಡುತ್ತಾರೋ.

ಮೇಲ್ಮನವಿಯ ದಿನ ಗೊತ್ತಾದ ಕೂಡಲೇ ಮನೆಯಲ್ಲಿ ಟ್ಯೂಷನ್ ಶುರುವಾಯಿತು. ಇಸ್ತ್ರಿ ಅಂಗಿ ಬೇಡ ಎಂದಳು ಹೆಂಡತಿ. ಎರಡು ದಿನ ಗಡ್ಡ ಬಿಡಿ ಎಂದ ಭಾವಮೈದುನ. ಈ ಹಿಂದೆ ಎರಡು ಸಲ ಬರೆದು ಮೂರನೆಯದರಲ್ಲಿ ಪಾಸಾದ ಗೆಳೆಯ ಫೋನಿನಲ್ಲಿ ಪಿಸುಗುಟ್ಟಿದ: ‘ಹೇಗಿದ್ದೀರಿ ಎಂದು ಡಾಕ್ಟರು ಕೇಳುತ್ತಾರೆ. ಚೆನ್ನಾಗಿದ್ದೇನೆ ಎಂದುಬಿಟ್ಟೀಯೆ, ಜೋಕೆ.’ ಅರ್ಧ ಶತಮಾನ ಕುಂಟಿಲ್ಲದವನಂತೆ ನಡೆಯಲು ಕಲಿತವನು ನಾನು. ಮದುವೆಗೆ ಹೆಣ್ಣು ನೋಡಲು ಹೋದಾಗ ಪ್ಯಾಂಟಿನ ಅಂಚು ಉದ್ದ ಬಿಡಿಸಿ, ಬಾಗಿಲಿಂದ ಕುರ್ಚಿಯವರೆಗೆ ಏಳು ಹೆಜ್ಜೆಯನ್ನು ಉಸಿರು ಬಿಗಿಹಿಡಿದು ನೆಟ್ಟಗೆ ಇಟ್ಟಿದ್ದೆ. ಈಗ ಅದೇ ಹೆಂಡತಿ ಪಡಸಾಲೆಯಲ್ಲಿ ನಿಂತು, ‘ಇನ್ನೂ ಸ್ವಲ್ಪ ವಾಲಿ’ ಎಂದು ತಾಲೀಮು ಮಾಡಿಸುತ್ತಿದ್ದಳು.

ಮೇಲ್ಮನವಿಯ ಡಾಕ್ಟರು ಏನನ್ನೂ ಕೇಳಲಿಲ್ಲ. ಟೇಪು ಹಿಡಿದರು, ಮಂಡಿ ಮಡಿಸಿದರು, ನಡೆಯಿರಿ ಎಂದರು. ಕಲಿತದ್ದೆಲ್ಲ ಮರೆತು ಎಂದಿನಂತೆ ನಡೆದೆ. 41! ಪಾಸು, ಹಳದಿ ಕಾರ್ಡು. ಹೆಂಡತಿ ಸಿಹಿ ಹಂಚುವುದೊಂದು ಬಾಕಿ.

ಮನೆಗೆ ಬಂದು ಕನ್ನಡಕ ಹಾಕಿಕೊಂಡು ನೋಡಿದರೆ, ಪ್ರಮಾಣಪತ್ರದಲ್ಲಿ ‘ತಾತ್ಕಾಲಿಕ’ ಎಂದಿದೆ. ಐದು ವರ್ಷ ಬಿಟ್ಟು ಮತ್ತೆ ಬರಬೇಕಂತೆ, ಕಾಲು ಬೆಳೆದಿದೆಯೇ ಎಂದು ನೋಡಲು.