ಮ್ಯಾನೇಜರ್ ಕೋರ್ಸಿಗೆ ಮೊದ್ಲು ಸಾವ್ಕಾರ್ರನ್ನ ಸೇರಿಸ್ರಪ್ಪಾ

ಹೋದ್ ದೀಪಾವಳಿ ಆದ್ಮೇಲೆ ನಮ್ಮ ದಾವಣಗೆರೆಯ ಒಂದು ಗಾರ್ಮೆಂಟ್ಸ್ ಸಾವ್ಕಾರ್ರು ಫೋನ್ ಮಾಡಿ, "ಸಾರ್, ನಮ್ಮ ಮ್ಯಾನೇಜರ್‌ಗಳಿಗೆ ಪರ್ಸನಲ್ ಎಫೆಕ್ಟಿವ್‌ನೆಸ್ ಅಂತ ಒಂದ್ ಕೋರ್ಸ್ ಮಾಡ್ಕೊಡ್ರಿ, ಹನ್ನೆರಡು ಜನ ಅದಾರೆ, ಒಬ್ಬನೂ ಟೈಮಿಗೆ ಕೆಲ್ಸ ಮುಗ್ಸಲ್ಲ" ಅಂದ್ರು. ನಾನು ಇಪ್ಪತ್ತೆರಡು ವರ್ಷ ಪ್ರೊಡಕ್ಷನ್‌ನಲ್ಲೇ ಸವೆದೋನು, ಈಗ ಟ್ರೈನಿಂಗು ಅದೂ ಇದೂ ಅಂತ ಓಡಾಡ್ಕೊಂಡಿದೀನಿ, ಒಪ್ಕೊಂಡೆ. ಮನೇಲಿ ಹೇಳಿದ್ರೆ ನಮ್ಮಾಕೆ "ವ್ಯಕ್ತಿತ್ವ ವಿಕಸನ ಶಿಬಿರನಾ?" ಅಂದ್ಳು. ಛೇ ಅದಲ್ಲ ಇದು ಬೇರೆ ಅಂದೆ, ಆದ್ರೆ ಹದಿನೈದು ದಿನ ಕೂತು ನಾನು ಮಾಡಿದ ಸ್ಲೈಡು ನೋಡಿದ್ರೆ ಅದೇ ಆಗಿತ್ತು.

ಅದ್ರಲ್ಲಿ ಇಲ್ಲದ್ದೇ ಇರ್ಲಿಲ್ಲ. ಅಮೆರಿಕದ ಅಧ್ಯಕ್ಷರಾಗಿದ್ದ ಐಸೆನ್‌ಹೋವರ್ ಹೆಸರಲ್ಲಿ ಎಲ್ಲಾ ಕಡೆ ಓಡಾಡೋ ನಾಲ್ಕು ಚೌಕ ಇತ್ತು, ಅರ್ಜೆಂಟ್ ಯಾವ್ದು ಮುಖ್ಯ ಯಾವ್ದು ಅಂತ. ಸ್ಮಾರ್ಟ್ ಗೋಲ್ ಇತ್ತು, ಗುರಿನ ಸ್ಪಷ್ಟವಾಗಿ, ಅಳೆಯೋ ಹಾಗೆ, ಗಡುವು ಹಾಕಿ ಬರ್ಕೊಳ್ಳೋದು ಅಂತ. ಇಟಲಿಯವ್ರ ಪೊಮೊಡೊರೊ ಅನ್ನೋ ಟೈಮ್ ಉಳಿಸೋ ಪದ್ಧತಿನೂ ಹಾಕಿದ್ದೆ, ಇಪ್ಪತ್ತೈದು ನಿಮಿಷ ಯಾರ ಜೊತೆನೂ ಮಾತಾಡ್ದೆ ಒಂದೇ ಕೆಲ್ಸ ಮಾಡ್ಬೇಕಂತೆ, ನಲವತ್ತು ಮಷಿನ್ ಸದ್ದು ಮಾಡೋ ಲೈನಲ್ಲಿ, ಗಂಟೆಗೊಂದ್ಸಲ ಬೋರ್ಡ್ ಮೇಲೆ ಪ್ರೊಡಕ್ಷನ್ ಬರೀಬೇಕಾದ ಮನುಷ್ಯನಿಗೆ! ಬರೆಯೋವಾಗ ನನಗೇ ನಗು ಬರ್ಬೇಕಿತ್ತು, ಬರ್ಲಿಲ್ಲ.

ಪಿ.ಬಿ. ರೋಡಿನ ಒಂದು ಹಾಲ್‌ನಲ್ಲಿ ಶನಿವಾರ ಪೂರ್ತಿ ಕ್ಲಾಸು, ಊಟಕ್ಕೆ ಹೋಳಿಗೆ ಬೇರೆ. ಫೀಡ್‌ಬ್ಯಾಕ್ ಫಾರ್ಮಲ್ಲಿ ಎಲ್ರೂ ಐದಕ್ಕೆ ಐದು. ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ ಅನ್ನೋರು 1959ರಲ್ಲೇ ಟ್ರೈನಿಂಗ್ ಅಳೆಯೋಕೆ ನಾಲ್ಕು ಮೆಟ್ಲು ಹೇಳಿದಾರೆ: ಕೂತೋರಿಗೆ ಹಿಡಿಸ್ತಾ, ಏನಾದ್ರೂ ಕಲಿತ್ರಾ, ಕೆಲ್ಸ ಮಾಡೋ ರೀತಿ ಬದ್ಲಾಯ್ತಾ, ಕೊನೆಗೆ ಕಂಪನಿಗೆ ಏನಾಯ್ತು. ನಮ್ಮ ಐದಕ್ಕೆ ಐದು ಅನ್ನೋದು ಮೊದಲ್ನೇ ಮೆಟ್ಲು, ಅದ್ರಲ್ಲೂ ಅರ್ಧ ಮಾರ್ಕ್ಸು ಹೋಳಿಗೆದು. ಎರಡು ವಾರ ಬಿಟ್ಟು ಫ್ಯಾಕ್ಟ್ರಿಗೆ ಹೋದ್ರೆ ನಾಲ್ಕು ಚೌಕ ಯಾರ್ಗೂ ನೆನಪಿಲ್ಲ. ತಪ್ಪು ಅವ್ರದಲ್ಲ ಬಿಡಿ, ಜರ್ಮನಿಯ ಮನಶ್ಶಾಸ್ತ್ರಜ್ಞ ಎಬಿಂಗ್‌ಹೌಸ್ 1885ರಲ್ಲೇ ತನ್ನ ಮೇಲೇ ಪ್ರಯೋಗ ಮಾಡ್ಕೊಂಡು ತೋರಿಸಿದ್ದ, ಕಲ್ತಿದ್ದನ್ನ ಮತ್ತೆ ಮುಟ್ಟದೇ ಇದ್ರೆ ಒಂದೇ ದಿನದಲ್ಲಿ ಬಹುಪಾಲು ಸೋರಿ ಹೋಗುತ್ತೆ ಅಂತ. ಇದನ್ನ ಗೊತ್ತಿದ್ದೂ ನಾವು ಟ್ರೈನರ್‌ಗಳು ಒಂದಿನದ ಕ್ಲಾಸು ಮಾರ್ತಾನೇ ಇರ್ತೀವಿ, ಯಾಕಂದ್ರೆ ಬಿಲ್ ಹಾಕೋಕೆ ಸುಲಭ.

ಸರಿ, ಒಂದು ಬೆಳಿಗ್ಗೆ ನೋಟ್‌ಬುಕ್ ಹಿಡ್ಕೊಂಡು ಒಬ್ಬ ಫ್ಲೋರ್ ಮ್ಯಾನೇಜರ್ ಹಿಂದೆ ಹಿಂದೆನೇ ತಿರುಗ್ದೆ. ಒಂಬತ್ತರಿಂದ ಒಂದು ಗಂಟೆವರೆಗೆ ಮೂವತ್ತೊಂದು ಫೋನು. ಅದ್ರಲ್ಲಿ ಹದಿನೇಳು ಸಾವ್ಕಾರ್ರ ಮನೆದೇ! ಅಪ್ಪ ಕೇಳೋದು ಶಿಪ್‌ಮೆಂಟು, ಎಂಬಿಎ ಮಾಡ್ಕೊಂಡು ಬಂದ ಮಗ ಕೇಳೋದು ಎಕ್ಸೆಲ್ ಶೀಟು, ಅಳಿಯಂದ್ರು ಕೇಳೋದು ಹರಿಹರದಿಂದ ಬರೋ ವ್ಯಾನ್ ಯಾಕೆ ಲೇಟು ಅಂತ. ಮೂರೂ ಅರ್ಜೆಂಟೇ. ಚೌಕ ಹಾಕಿ ಮುಖ್ಯ ಯಾವ್ದು ಆರಿಸ್ಕೋ ಅಂತ ನಾನು ಹೇಳಿದ್ದೆನಲ್ಲ, ಆರಿಸೋ ಅಧಿಕಾರ ಆ ಹುಡುಗನ ಹತ್ರ ಎಲ್ಲೈತೆ? ನಮ್ಮ ಕಡೆ ಮನೆತನದ ಫ್ಯಾಕ್ಟ್ರಿ, ರೈಸ್ ಮಿಲ್, ಅಂಗಡಿ ಎಲ್ಲದ್ರಲ್ಲೂ ಇದೇ ಕತೆ, ಬೆಂಗಳೂರಿಂದ ಸ್ಲೈಡ್ ತರೋರಿಗೆ ಇದು ಕಾಣಲ್ಲ.

ಇನ್ನೊಂದು ಕಡೆ ಸೂಪರ್‌ವೈಸರ್‌ಗಳು. "ಸಾರ್, ಬಂಡಲ್ ಕಮ್ಮಿ ಬಂದೈತಿ", "ಸಾರ್, ಕಾಲರ್ ಎಲ್ಲಾ ರೀವರ್ಕ್ ಬಿದ್ದೈತಿ", ಇವ್ನು ಎಲ್ರಿಗೂ ಒಂದೇ ಮಾತು, "ನೋಡ್ತೀನಿ ಬಿಡು". ಕೇಳಿದೋನು ಹಗುರಾಗಿ ಹೋದ, ಕೆಲ್ಸ ಇವ್ನ ತಲೆ ಮೇಲೆ ಬಂತು. 1974ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ಆಂಕನ್ ಮತ್ತೆ ವಾಸ್ ಅನ್ನೋ ಇಬ್ರು ಇದನ್ನೇ ಬರೆದಿದ್ರು, ಕೆಳಗಿನೋರ ಬೆನ್ನ ಮೇಲಿನ ಮಂಗ ಹಾರಿ ಮ್ಯಾನೇಜರ್ ಬೆನ್ನ ಮೇಲೆ ಕೂರುತ್ತೆ ಅಂತ. ನಮ್ಮಲ್ಲಿ ಆ ಮಂಗನ ಹೆಸ್ರೇ "ನೋಡ್ತೀನಿ ಬಿಡು".

ಸ್ಲೈಡೆಲ್ಲಾ ಡಿಲೀಟ್ ಮಾಡ್ದೆ. ಈಗಿರೋ ಕೋರ್ಸು ಆರು ವಾರ, ಹಾಲ್ ಇಲ್ಲ ಹೋಳಿಗೆ ಇಲ್ಲ, ವಾರಕ್ಕೊಂದ್ಸಲ ಒಬ್ಬೊಬ್ಬರ ಜೊತೆ ಮುಕ್ಕಾಲು ಗಂಟೆ, ಅವ್ರ ಟೇಬಲ್ ಹತ್ರನೇ. ಮೊದಲ್ನೇ ವಾರ ಏನೂ ಬದಲಾಯಿಸೋದು ಬೇಡ, ಎಷ್ಟ್ ಸಲ "ನೋಡ್ತೀನಿ" ಅಂದೆ ಅಂತ ಗೀಟು ಹಾಕೋದಷ್ಟೇ. ಎರಡನೇ ವಾರ ಆ ಜಾಗದಲ್ಲಿ "ನಿಂಗೇನ್ ಅನ್ಸುತ್ತೆ, ಏನ್ ಮಾಡಿದ್ರೆ ಆಗುತ್ತೆ?" ಅನ್ನೋದು. ಸುಲಭ ಅನ್ಸುತ್ತೆ ಅಲ್ವಾ, ನಾನೇ ಫೇಲ್ ಆದೆ. ಒಬ್ಬ ಬಂದು ಸೂಜಿ ಪದೇ ಪದೇ ಮುರೀತೈತಿ ಸಾರ್ ಅಂದ, ಹಳೇ ಚಟ ನೋಡಿ, ತಟ್ಟನೆ ಪರಿಹಾರ ಹೇಳ್ಬಿಟ್ಟೆ, ಮುಂದಿನ ವಾರ ಅವ್ನು ಇನ್ನೂ ನಾಲ್ಕು ಪ್ರಾಬ್ಲಮ್ ಬರ್ಕೊಂಡು ಬಂದಿದ್ದ. ಮೆಂಟರ್ ಆಗೋನಿಗೆ ಬಾಯಿ ಮುಚ್ಕೊಂಡಿರೋದೇ ಕಷ್ಟದ ಪಾಠ.

ಸಾವ್ಕಾರ್ರಿಗೆ ನೋಟ್‌ಬುಕ್ ತೋರ್ಸೋಕೆ ಬೆಣ್ಣೆ ದೋಸೆ ಹೋಟ್ಲಿಗೇ ಕರ್ಕೊಂಡ್ ಹೋದೆ. ಗಲ್ಲಾ ಮೇಲೆ ಕೂತಿದ್ದ ಯಜಮಾನ್ರನ್ನ ತೋರ್ಸಿ, "ನೋಡ್ರಿ, ಇವ್ರು ಒಂದೊಂದ್ ದೋಸೆಗೂ ಎದ್ದು ಹೋಗಿ ಬೆಣ್ಣೆ ಎಷ್ಟ್ ಹಾಕ್ದೆ ಅಂತ ಕೇಳಿದ್ರೆ ನಮಗೆ ದೋಸೆ ಯಾವಾಗ ಬರ್ಬೇಕು" ಅಂದೆ. "ನಂದು ದೋಸೆ ಹೋಟ್ಲಲ್ರೀ" ಅಂತ ಮುಖ ಗಂಟಾಕ್ಕೊಂಡ್ರು. ಎರಡನೇ ದೋಸೆ ಹೊತ್ತಿಗೆ ಒಪ್ಕೊಂಡ್ರು: ಹನ್ನೊಂದು ಗಂಟೆವರೆಗೆ ಶಿಪ್‌ಮೆಂಟ್ ಬಿಟ್ಟು ಬೇರೆದಕ್ಕೆ ಫೋನ್ ಮಾಡಲ್ಲ, ಮಗ ಅಳಿಯ ಇಬ್ರೂ ಕೇಳೋದನ್ನ ಸಾವ್ಕಾರ್ರ ಮೂಲಕನೇ ಕೇಳ್ಬೇಕು.

ಈಗ ನಾಲ್ಕನೇ ವಾರ. ಹೋದ್ ಬುಧವಾರ ಹನ್ನೊಂದರೊಳಗೆ ಸಾವ್ಕಾರ್ರಿಂದ ಬರೀ ಮೂರು ಫೋನು ಬಂತಂತೆ. ಎರಡು ಶಿಪ್‌ಮೆಂಟ್ ಬಗ್ಗೆ. ಇನ್ನೊಂದು ಸುಮ್ನೆ, "ನಾನು ಫೋನ್ ಮಾಡ್ತಿಲ್ಲ, ಗೊತ್ತಾಗ್ತೈತಾ?" ಅಂತ ಕೇಳೋಕೆ.